ಹಕ್ಕಿ ಕೂತಿರುವ ಜಾಗ

ಅರ್ಜಿಯ ಮೊದಲ ಮೂರು ಕಾಲಂಗಳನ್ನು ನಾನು ಒಂದೇ ಸಲಕ್ಕೆ ತುಂಬಿಬಿಟ್ಟಿದ್ದೆ. ಹೆಸರು, ಈವರೆಗಿನ ಓದು, ಯಾವ ಪ್ರಶ್ನೆಯನ್ನು ಹಿಡಿದು ಎಂ.ಎ. ಮಾಡಬೇಕೆಂದಿದ್ದೀರಿ. ನಾಲ್ಕನೆಯದರ ಹತ್ತಿರ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ. ಅಲ್ಲಿದ್ದದ್ದು ಇಷ್ಟೇ: ಹಕ್ಕಿ ಕೂತಿರುವ ಜಾಗ.

ನಮ್ಮ ಮನೆಯ ಹೆಂಚಿನ ಮೇಲೆ ಹಕ್ಕಿ ಇರಲಿಲ್ಲ. ಅಂಗಳದಿಂದ ನೋಡಿದೆ, ಹಿತ್ತಲಿನಿಂದ ನೋಡಿದೆ, ಎದುರುಮನೆಯವರ ಜಗಲಿ ಹತ್ತಿ ಅಲ್ಲಿಂದಲೂ ನೋಡಿದೆ. ಒಂದು ಕಾಗೆ ಇತ್ತು. ನಾನು ನೋಡುತ್ತಿದ್ದಂತೆ ಅದೂ ಎದ್ದು ಹೋಯಿತು.

ನಮ್ಮ ಊರಿನಲ್ಲಿ ಯಾರಿಗಾದರೂ ಬಿಡಲಾರದಂಥ ಪ್ರಶ್ನೆ ಹುಟ್ಟಿದರೆ ಹಕ್ಕಿಯೊಂದು ಬಂದು ಕೂರುತ್ತದೆ, ಉತ್ತರ ಸಿಕ್ಕಿದ ದಿನ ಎದ್ದು ಹೋಗುತ್ತದೆ. ಕೋರ್ಟಿನ ಮಾಡಿನ ಮೇಲೆ ಹದ್ದುಗಳು ವರ್ಷಗಟ್ಟಲೆ ಕೂತಿವೆ. ಆಸ್ಪತ್ರೆಯ ಮೇಲಿನ ಪಾರಿವಾಳಗಳಲ್ಲಿ ಕೆಲವು ಡಾಕ್ಟರು ಬಂದುಹೋದ ಮೇಲೆ ಹಾರಿಹೋಗುತ್ತವೆ, ಅಷ್ಟೇ ಹೊಸದಾಗಿ ಬಂದು ಕೂರುತ್ತವೆ. ಹೆಣ್ಣು ನೋಡಲು ಬಂದವರು ಮೊದಲು ಹೆಂಚನ್ನು ನೋಡಿ ಆಮೇಲೆ ಚಪ್ಪಲಿ ಬಿಡುತ್ತಾರೆ. ಹಕ್ಕಿ ಇರುವ ಮನೆಯ ಬಾಗಿಲ ಪಕ್ಕ ಹಳೆಯದೊಂದು ಕೊಡೆ ತೂಗುಹಾಕಿರುತ್ತದೆ, ಬಂದುಹೋಗುವವರ ತಲೆ ಮೇಲೆ ಹಿಕ್ಕೆ ಬೀಳದಿರಲಿ ಎಂದು. ಇನ್ನೊಬ್ಬರ ಹಕ್ಕಿಯನ್ನು ಕಂಡರೂ ಕಾಣದಂತಿರಬೇಕು. ಯಾರದು, ಯಾಕೆ ಬಂತು ಎಂದು ಕೇಳುವುದು ಮರ್ಯಾದೆಯಲ್ಲ. ಹಕ್ಕಿಯವರು ತಾವಾಗಿ ಅದರ ಕೆಳಗೆ ನಿಂತು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿದರೆ ಅದು ಕತ್ತು ಬಗ್ಗಿಸುತ್ತದೆ. ಯಾರ ಹಕ್ಕಿ ಎಂದು ಗೊತ್ತಾಗುವುದು ಹಾಗೆ ಮಾತ್ರ.

ಬಹಳ ಜನ ಪ್ರಶ್ನೆಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನನ್ನ ಅತ್ತಿಗೆ ಪುಟ್ಟಗೌರಮ್ಮ ಅಂಥವರು. ನಾನು ಊಟಕ್ಕೆ ಕೂತಾಗ ಏನಾದರೂ ಯೋಚಿಸುತ್ತಾ ತುತ್ತು ನಿಲ್ಲಿಸಿದರೆ, "ಸುಮ್ನೆ ಊಟ ಮಾಡು ಜಲಜ, ಹೆಂಚು ಮೊನ್ನೆ ತಾನೆ ಹಾಕ್ಸಿದ್ದೀವಿ" ಎನ್ನುತ್ತಿದ್ದರು. ಅಣ್ಣನಿಗೆ ಹಿಟ್ಟಿನ ಗಿರಣಿ. ಅವನು ದಿನವಿಡೀ ಆ ಸದ್ದಿನಲ್ಲಿ ಇರುವುದರಿಂದ ಪ್ರಶ್ನೆ ಕೇಳುವುದೂ ಕಡಿಮೆ, ಕೇಳಿಸಿಕೊಳ್ಳುವುದೂ ಕಡಿಮೆ. ಅಪ್ಪ ಅಮ್ಮ ಹೋದ ಮೇಲೆ ನಾನು ಅವರಿಬ್ಬರ ಜೊತೆ ಇದ್ದೆ.

ಹೊಳೆಯಾಚೆಯ ವಿಶ್ವವಿದ್ಯಾಲಯ ಪ್ರತಿವರ್ಷ ಎರಡು ವಿದ್ಯಾರ್ಥಿವೇತನಗಳನ್ನು ಕಲೆ ಮತ್ತು ಮಾನವಿಕ ವಿಷಯದವರಿಗೆಂದು ಇಟ್ಟಿದೆ. ವಿಜ್ಞಾನದವರಾದರೆ ಅಂಕಪಟ್ಟಿ ಕಳಿಸಿದರೆ ಮುಗಿಯಿತು. ಚರಿತ್ರೆ, ಸಾಹಿತ್ಯ, ಚಿತ್ರಕಲೆ, ಜಾನಪದ ಓದಬೇಕೆನ್ನುವವರಿಗೆ ಮಾತ್ರ ಹಕ್ಕಿ ಬೇಕು. ಅವರು ಮನೆಗೇ ಬಂದು ನೋಡುತ್ತಾರೆ. ಮೂವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ನನಗೆ ಇದೇ ಕೊನೆಯ ವರ್ಷ. ಇದು ತಪ್ಪಿದರೆ ಓದು ಅಲ್ಲಿಗೆ ನಿಂತಂತೆ. ವೇತನವಿಲ್ಲದೆ ಕೆಲಸ ಬಿಟ್ಟು ಹೊಳೆ ದಾಟುವುದು ನನ್ನಿಂದಾಗುತ್ತಿರಲಿಲ್ಲ.

ಕೆಲಸ ಎಂದರೆ ಶಿಶುವಿಹಾರದಲ್ಲಿ ಆಯಾ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳಿಗೆ ಉಣಿಸುವುದು, ತೊಳೆಯುವುದು, ಮಧ್ಯಾಹ್ನ ಮಲಗಿಸುವುದು. ಸಂಜೆ ಕೊನೆಯ ಮಗುವನ್ನು ಅದರ ಅಮ್ಮನ ಕೈಗೆ ಕೊಟ್ಟು, ಗೇಟಿಗೆ ಬೀಗ ಹಾಕಿ, ಅಲ್ಲಿಂದಲೇ ಓಡಿ ಸಂಜೆ ಕಾಲೇಜಿಗೆ ಸೇರಬೇಕು. ಬಿ.ಎ. ಮುಗಿಸಲು ಉಳಿದವರಿಗಿಂತ ಹೆಚ್ಚು ವರ್ಷ ಹಿಡಿಯಿತು. ಆ ಕಾಲೇಜಿನಲ್ಲಿ ಟ್ಯೂಬ್‌ಲೈಟು ಮಿಣುಕುತ್ತಿರುವಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದರಲ್ಲಿ ಅರ್ಧ ಕಾಣಿಸುತ್ತದೆ, ಅರ್ಧವನ್ನು ಊಹಿಸಿಕೊಳ್ಳಬೇಕು. ಪಕ್ಕದಲ್ಲಿ ಡ್ಯೂಟಿ ಮುಗಿಸಿ ಬಂದವರು ತೂಕಡಿಸುತ್ತಿರುತ್ತಾರೆ. ನಾನು ಕಲಿತದ್ದರಲ್ಲಿಯೂ ಅರ್ಧ ನನ್ನ ಊಹೆಯೇ ಇರಬೇಕು ಎಂಬ ಅನುಮಾನ ನನಗೆ ಈಗಲೂ ಇದೆ.

ನನ್ನ ಪ್ರಶ್ನೆ ಹುಟ್ಟಿದ್ದು ಶಿಶುವಿಹಾರದಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಎಂದಿನಂತೆ ಜೋಗುಳ ಹಾಡುತ್ತಿದ್ದೆ.

ತೊಟ್ಟಿಲು ತೂಗೇನು ತೋಳೆಲ್ಲ ಸೋತಾವೆ, ನಿದ್ದೇ ನೀ ಬಾರೆ ಹಿತ್ತಲಿಂದ ಎಂದು ಶುರುವಾಗುವ ಹಾಡು ಅದು. ನಮ್ಮ ಊರಿನಲ್ಲಿ ಎಲ್ಲ ಮನೆಯಲ್ಲಿಯೂ ಅದೇ. ನಿದ್ದೆ ಹಿತ್ತಲಿನಿಂದ ಬರುತ್ತದೆ, ಅಡುಗೆಮನೆ ದಾಟುತ್ತದೆ, ನಡುಮನೆಗೆ ಬರುತ್ತದೆ, ಅಷ್ಟರಲ್ಲಿ ಮಗು ಮಲಗಿರುತ್ತದೆ. ಆ ದಿನ ಎಲ್ಲ ಮಕ್ಕಳೂ ಮಲಗಿದ ಮೇಲೆ ನನಗೆ ಇನ್ನೂ ಹಾಡುವ ಮನಸ್ಸಿತ್ತು. ಆದರೆ ಮುಂದಿನ ಸಾಲು ಗೊತ್ತಿರಲಿಲ್ಲ. ಯೋಚಿಸಿದರೆ ಅದನ್ನು ನಾನು ಎಂದೂ ಕೇಳಿಯೇ ಇರಲಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರನ್ನೆಲ್ಲ ಕೇಳಿದೆ. "ಅಷ್ಟೊತ್ತಿಗೆ ಮಲಗಿಬಿಡುತ್ತಲ್ಲ ಜಲಜಕ್ಕ" ಎಂದರು ಎಲ್ಲರೂ. ಹಾಗಾದರೆ ಜೋಗುಳದ ಕೊನೆ ಏನು? ಅದನ್ನು ಕಟ್ಟಿದವಳು ಎಲ್ಲಿಗೆ ತಂದು ನಿಲ್ಲಿಸಿದ್ದಳು? ಎಲ್ಲರೂ ಹಾಡುವ, ಯಾರೂ ಕೊನೆಯವರೆಗೆ ಕೇಳದ ಹಾಡಿದು. ಮೂರನೇ ಕಾಲಂನಲ್ಲಿ ನಾನು ಬರೆದದ್ದು ಇದನ್ನೇ.

ಅತ್ತಿಗೆಯನ್ನು ಮಾತ್ರ ಕೇಳಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಜೋಗುಳದ ಮಾತನ್ನು ಅವರ ಮುಂದೆ ಎತ್ತಬಾರದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಅರ್ಜಿಯನ್ನು ಸಂಜೆ ಕಾಲೇಜಿನ ಹನುಮಂತಯ್ಯ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಓದಿ, "ಚೆನ್ನಾಗಿದೆ ತಾಯಿ" ಎಂದರು.

"ಹಕ್ಕಿ ಬಂದಿಲ್ಲ ಸಾರ್. ಪ್ರಶ್ನೆಯೇ ಸರಿಯಿಲ್ಲವೇನೋ."

"ಪ್ರಶ್ನೆ ಸರಿಯಿದೆ. ಹಕ್ಕಿ ಎಲ್ಲೋ ಇರುತ್ತೆ. ಕಾಲಂ ಖಾಲಿ ಬಿಡಬೇಡ, ಅರ್ಜಿ ವಾಪಸ್ ಬರುತ್ತೆ."

ಎಲ್ಲೋ ಇರುತ್ತೆ ಎಂದದ್ದು ನನ್ನ ಸಮಾಧಾನಕ್ಕೆ ಎಂದುಕೊಂಡೆ. ನಮ್ಮ ತರಗತಿಯ ರಹಮತನಿಗೆ ಈ ಚಿಂತೆಯೇ ಇರಲಿಲ್ಲ. ಹಗಲು ಸೈಕಲ್ ಶಾಪ್ ಇಟ್ಟುಕೊಂಡಿದ್ದ ಹುಡುಗ. ಹಳೆಯ ಊರಬಾಗಿಲಿನ ಮೇಲೆ ಕೆತ್ತಿದ ಆನೆಗೆ ಐದು ಕಾಲು ಯಾಕೆ ಎಂಬುದು ಅವನ ಪ್ರಶ್ನೆ. ಅವನ ಅಂಗಡಿಯ ತಗಡಿನ ಮೇಲೆ ಚೀಲದಂಥ ಕೊಕ್ಕಿನ ದೊಡ್ಡದೊಂದು ಹೆಜ್ಜಾರ್ಲೆ ಕೂತು ಎರಡು ವರ್ಷವಾಗಿತ್ತು. ಅವನು ದಿನಾ ಬೆಳಿಗ್ಗೆ ಏಣಿ ಹತ್ತಿ ಹಿಕ್ಕೆ ತೊಳೆಯುತ್ತಿದ್ದ, ಬೈಯುತ್ತಲೇ ಅದಕ್ಕೆ ನೀರಿಡುತ್ತಿದ್ದ.

"ಸಂಜೆ ಕಾಲೇಜಿನೋರಿಗೆ ಬರೋದು ಗೂಬೆ ಅಂತಾರೆ ಜಲಜಕ್ಕ. ಕತ್ತಲಾದ ಮೇಲೆ ನೋಡಿದ್ರಾ?" ಎಂದ.

"ನಿನಗೆ ಮಾತ್ರ ಹೆಜ್ಜಾರ್ಲೆ ಹೇಗೆ ಬಂತಪ್ಪ?"

"ನಾನು ಕ್ಲಾಸಲ್ಲಿ ಮಲಗಿರ್ತೀನಲ್ಲ. ನನ್ನನ್ನ ಲೆಕ್ಕಕ್ಕೆ ತಗೊಂಡಿರಲ್ಲ."

ಅವನು ಹೇಳುವ ಮೊದಲೇ ನಾನು ಟಾರ್ಚ್ ಹಿಡಿದು ಹೆಂಚನ್ನೆಲ್ಲ ನೋಡಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ನಾಲ್ಕನೇ ಕಾಲಂನಲ್ಲಿ "ಇನ್ನೂ ಕಂಡಿಲ್ಲ" ಎಂದು ಬರೆದು ಅರ್ಜಿಯನ್ನು ಅಂಚೆಗೆ ಹಾಕಿದೆ.

ವಾಪಸ್ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಉತ್ತರ. ಶುಕ್ರವಾರ ಸಂಜೆ ನೋಡಲು ಬರುತ್ತಾರಂತೆ.

ಕಾಗದವನ್ನು ಅತ್ತಿಗೆ ಎರಡು ಸಲ ಓದಿಸಿಕೊಂಡರು. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಹಕ್ಕಿ ಇಲ್ದಿದ್ರೆ ಕೊಡೋದೇ ಇಲ್ವಾ?" ಎಂದರು.

"ಇಲ್ಲ ಅತ್ತಿಗೆ."

"ಏನು ಹಕ್ಕಿ ಆಗ್ಬೇಕು?"

"ಯಾವುದಾದರೂ ಆಗುತ್ತೆ. ಆದರೆ ನನ್ನದಾಗಿರಬೇಕು."

ಮಾರನೆಯ ದಿನ ಅವರು ಸಂತೆಯಿಂದ ಮೀನು ತಂದರು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು, ಬಿದಿರಿನ ಗಳುವಿನ ತುದಿಯಿಂದ ಒಂದೊಂದನ್ನೇ ಹೆಂಚಿನ ಮೇಲೆ ಏರಿಸಿದರು. ಮೊದಲ ದಿನ ಬೆಕ್ಕು ಬಂತು. ಎರಡನೆಯ ದಿನ ಬೀದಿಯ ಬೆಕ್ಕುಗಳೆಲ್ಲ ಬಂದವು. ಗುರುವಾರ ಬೆಳಿಗ್ಗೆ ಬೆಳ್ಳಕ್ಕಿಯೊಂದು ಬಂದು ಕೂತಿತ್ತು, ಒಗೆದು ಹರವಿದ ಪಂಚೆಯಂತೆ ಬೆಳ್ಳಗೆ. ಅತ್ತಿಗೆ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದರು.

"ಅತ್ತಿಗೆ, ಅದು ಮೀನಿಗೆ ಬಂದದ್ದು. ನಾನು ಪ್ರಶ್ನೆ ಹೇಳಿದರೆ ಕತ್ತು ಬಗ್ಗಿಸಲ್ಲ."

"ಬಗ್ಸುತ್ತೆ ಬಿಡು. ನೀನು ಮುಂದುಗಡೆ ನಿಂತ್ಕೊಂಡು ಪ್ರಶ್ನೆ ಹೇಳು. ನಾನು ಹಿತ್ತಲಿಂದ ಒಂದು ಮೀನು ಎಸೀತೀನಿ."

"ಬೇಡ ಅತ್ತಿಗೆ, ತಪ್ಪಾಗುತ್ತೆ."

"ಯಾರಿಗೆ ತಪ್ಪಾಗುತ್ತೆ? ನೀನು ಓದಿಲ್ವಾ? ದಿನಾ ಒಂಬತ್ತೂವರೆಗೆ ಮನೆಗೆ ಬಂದು ತಣ್ಣಗಿರೋ ಸಾರಲ್ಲಿ ಊಟ ಮಾಡೋದನ್ನ ನಾನು ನೋಡಿಲ್ವಾ? ಇದೊಂದು ಹಕ್ಕಿದು ಏನಂತೆ."

ಬೇಡ ಎಂದು ಇನ್ನೊಮ್ಮೆ ಹೇಳಿದೆ. ಗಟ್ಟಿಯಾಗಿ ಹೇಳಲಿಲ್ಲ. ಹೆಂಚು ಒಡೆಯುತ್ತದೆ ಎಂದು ವರ್ಷಗಟ್ಟಲೆ ನನ್ನ ಬಾಯಿ ಮುಚ್ಚಿಸಿದವರು ಈಗ ಅದೇ ಹೆಂಚಿನ ಮೇಲೆ ಮೀನು ಎಸೆಯಲು ನಿಂತಿದ್ದರು.

ಶುಕ್ರವಾರ ನಾನು ಶಿಶುವಿಹಾರಕ್ಕೆ ಅರ್ಧ ದಿನ ರಜೆ ಹಾಕಿದೆ. ಮನೆಯಲ್ಲಿ ಹೆಣ್ಣು ನೋಡುವ ದಿನದಂತೆಯೇ ಇತ್ತು. ಕೇಸರಿಬಾತು, ಉಪ್ಪಿಟ್ಟು, ಹೊಸ ಲೋಟಗಳು. ಬಾಗಿಲಲ್ಲಿ ತೂಗುಹಾಕಲೆಂದು ಅತ್ತಿಗೆ ಪಕ್ಕದ ಮನೆಯಿಂದ ಕೊಡೆಯೊಂದನ್ನು ಎರವಲು ತಂದಿದ್ದರು. ಬಂದವರು ಇಬ್ಬರು. ಪ್ರೊಫೆಸರ್ ದಾಕ್ಷಾಯಣಿ ಮೇಡಂ, ನರೆತ ಜಡೆ, ಕೈಯಲ್ಲಿ ಅವರದೇ ಕೊಡೆ. ಅವರ ಹಿಂದೆ ಫೈಲು ಹಿಡಿದ ಗುಮಾಸ್ತ ಶಿವಣ್ಣ. ಆತ ಕೂರುವ ಮೊದಲೇ, "ಕೊನೇ ದೋಣಿ ಕತ್ತಲಾಗೋ ಮುಂಚೆ ಹೊರಡುತ್ತೆ ಮೇಡಂ" ಎಂದು ನೆನಪಿಸಿದರು.

ಮೇಡಂ ಉಪ್ಪಿಟ್ಟು ತಿಂದು, ಅಂಗಳಕ್ಕೆ ಬಂದು, ತಲೆಯೆತ್ತಿ ಬೆಳ್ಳಕ್ಕಿಯನ್ನು ನೋಡಿದರು. "ಅರ್ಜಿಯಲ್ಲಿ ಇನ್ನೂ ಕಂಡಿಲ್ಲ ಅಂತ ಇತ್ತಲ್ಲಮ್ಮ. ಆಮೇಲೆ ಬಂತಾ?"

ಆಮೇಲೆ ಬಂದದ್ದು ನಿಜವೇ. ನಾನು ತಲೆಯಾಡಿಸಿದೆ.

"ಸರಿ. ಪ್ರಶ್ನೆ ಹೇಳಿ."

ಅತ್ತಿಗೆ ಅಂಗಳದಲ್ಲಿ ಇರಲಿಲ್ಲ. ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು. "ಜೋಗುಳದ ಕೊನೆಯ ಸಾಲು ಏನು" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಹೆಂಚಿನ ಆಚೆ ಬದಿಯಿಂದ ಬೆಳ್ಳಿಯಂಥದ್ದೊಂದು ಮೇಲೆದ್ದು, ಬೆಳ್ಳಕ್ಕಿಯ ಕಾಲ ಬಳಿ ಬಿತ್ತು. ಅದು ನಿಧಾನವಾಗಿ, ಬಹಳ ಗೌರವದಿಂದ ಎನ್ನುವಂತೆ, ಕತ್ತು ಬಗ್ಗಿಸಿತು.

"ಬಗ್ಗಿಸ್ತು ಮೇಡಂ" ಎಂದು ಶಿವಣ್ಣ ಪೆನ್ನು ತೆಗೆದು ಫೈಲಿನಲ್ಲಿ ಗುರುತು ಹಾಕಿದರು.

ಅಲ್ಲಿಗೆ ಮುಗಿದಿತ್ತು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಮೇಡಂ ಕೊಡೆ ಮಡಿಸುತ್ತಿದ್ದರು. ನನಗೆ ಆಗ ನೆನಪಾದದ್ದು ರಹಮತನ ಏಣಿ, ಬಕೆಟ್ಟು, ಅವನು ದಿನಾ ಬೈಯುತ್ತಾ ತೊಳೆಯುವ ತಗಡು. ಇರುವುದು ಎರಡೇ ಜಾಗ. ಅವನದೋ ಅವನಂಥ ಇನ್ನಾರದೋ ಒಂದನ್ನು ಈ ಮೀನು ತಿಂದುಹಾಕುತ್ತದೆ.

"ಮೇಡಂ, ಅದು ನನ್ನ ಹಕ್ಕಿ ಅಲ್ಲ" ಎಂದೆ. "ಮೀನಿಗೆ ಬಂದದ್ದು. ಈಗ ಬಗ್ಗಿಸಿದ್ದೂ ಮೀನಿಗೇ."

ಹಿತ್ತಲಿನ ಕಡೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಶಿವಣ್ಣ ಪೆನ್ನನ್ನು ನೋಡಿದರು, ಫೈಲನ್ನು ನೋಡಿದರು. "ಇಂಕಿನಲ್ಲಿ ಬರ್ದುಬಿಟ್ನಲ್ಲ" ಎಂದರು.

"ಹೊಡೆದು ಹಾಕಿ" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿದರು. "ಉಪ್ಪಿಟ್ಟು ತಿನ್ನುವಾಗಲೇ ವಾಸನೆ ಬಂತು. ಈ ವಾರ ಮೀನಿನ ಹಕ್ಕಿಗಳನ್ನ ಬೇಕಾದಷ್ಟು ನೋಡಿದ್ದೀನಿ. ನೀವು ಹೇಳಿದ್ದು ಸಂತೋಷ. ಆದರೆ ಹಕ್ಕಿ ಇಲ್ಲದೆ ನಾನು ಬರೆಯೋ ಹಾಗಿಲ್ಲಮ್ಮ."

"ಗೊತ್ತು ಮೇಡಂ." ನಿಜವಾಗಿ ಆ ಗಳಿಗೆಯಲ್ಲಿ ನನಗೆ ಹಗುರವೇ ಆಯಿತು. ಬರದ ಹಕ್ಕಿಗೆ ಕಾಯುವುದು ಮುಗಿಯಿತಲ್ಲ ಎನಿಸಿತು.

ಅತ್ತಿಗೆ ಹಿತ್ತಲಿನಿಂದ ಬಂದು ನನ್ನ ಹಿಂದೆ ನಿಂತರು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು. "ತಪ್ಪು ನಂದು. ಅವ್ಳು ಬೇಡ ಅಂತಿದ್ಲು" ಎಂದರು.

ಮೇಡಂ ಹೊರಟವರು ಗೇಟಿನ ಹತ್ತಿರ ನಿಂತರು. "ಆ ಪ್ರಶ್ನೆ ನಿಮಗೆ ಮೊದಲು ಬಂದಾಗ ಎಲ್ಲಿದ್ರಿ?"

"ಶಿಶುವಿಹಾರದಲ್ಲಿ. ಮಕ್ಕಳನ್ನ ಮಲಗಿಸ್ತಿದ್ದೆ."

"ಅಲ್ಲಿ ನೋಡಿದ್ರಾ?"

ನಗು ಬಂತು. "ಶಿಶುವಿಹಾರದ ಹೆಂಚಿನ ಮೇಲೆ ಕಾಲಿಡಲು ಜಾಗ ಇರಲ್ಲ ಮೇಡಂ. ಮಕ್ಕಳಲ್ಲವೇ, ಬೆಳಿಗ್ಗೆಯಿಂದ ಕೇಳ್ತಾನೇ ಇರ್ತವೆ. ಗುಬ್ಬಿ, ಗಿಣಿ, ಗೊರವಂಕ, ಎಲ್ಲ ಮಕ್ಕಳದ್ದೇ."

"ಸಂಜೆಗೆ?"

"ಸಂಜೆಗೆ ಹೋಗ್ತಾವೆ. ಅಮ್ಮ ಬಂದರೆ ಮಕ್ಕಳು ಕೇಳಿದ್ದನ್ನ ಮರೆತುಬಿಡ್ತವೆ."

"ಎಲ್ಲಾ ಹೋಗ್ತಾವಾ?"

ಎಲ್ಲ ಹೋಗುತ್ತವೆ ಎಂದು ನಾನು ಅಂದುಕೊಂಡಿದ್ದೆ ಅಷ್ಟೇ. ಬೀಗ ಹಾಕುವಾಗ ತಲೆಯೆತ್ತಿ ನೋಡುವಷ್ಟು ಪುರುಸೊತ್ತು ನನಗೆ ಒಂದು ದಿನವೂ ಇರಲಿಲ್ಲ. ಮೊದಲನೇ ಪೀರಿಯಡ್ ತಪ್ಪಿಹೋಗುತ್ತಿತ್ತು. ನೋಡಿದವರು ಯಾರಾದರೂ ಇದ್ದರೂ, ಶಿಶುವಿಹಾರದ ಹಕ್ಕಿ ಎಂದರೆ ಮಕ್ಕಳದು, ಅದನ್ನು ಯಾರು ಕೇಳಬೇಕು.

ಶಿವಣ್ಣ ದೋಣಿ ಎಂದರು. ಮೇಡಂ, "ನಡೀರಿ, ಹೊಳೆ ದಾರೀಲೇ ಅಲ್ವಾ" ಎಂದರು. ಅದು ಹೊಳೆಯ ದಾರಿಯಲ್ಲಿ ಇರಲಿಲ್ಲ, ಸ್ವಲ್ಪ ಸುತ್ತು. ನಾನು ಆ ವಿಷಯವನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಾ ಅರ್ಧ ದಾರಿ ನಡೆದೆ. ಕೊನೆಗೆ ಹೇಳಿದೆ. ಅಷ್ಟು ಹೊತ್ತಿಗೆ ನಾವು ಶಿಶುವಿಹಾರದ ಬೀದಿಗೆ ತಿರುಗಿದ್ದೆವು. ಅತ್ತಿಗೆ ಎರವಲು ಕೊಡೆಯನ್ನು ಹಿಡಿದು ಹಿಂದೆ ಬರುತ್ತಿದ್ದರು. ಮನೆಯಲ್ಲಿರಿ ಎಂದರೂ ಕೇಳಿರಲಿಲ್ಲ.

ಗೇಟಿಗೆ ಬೀಗ ಬಿದ್ದಿತ್ತು. ಮಕ್ಕಳೆಲ್ಲ ಹೋಗಿದ್ದರು. ಅಂಗಳದಲ್ಲಿ ಯಾವುದೋ ಮಗುವಿನ ಒಂದು ಚಪ್ಪಲಿ ಉಳಿದಿತ್ತು. ಹೆಂಚು ಖಾಲಿ. ಗುಬ್ಬಿಯಿಲ್ಲ, ಗಿಣಿಯಿಲ್ಲ. ನಾನು ಈ ಹೊತ್ತಿನಲ್ಲಿ ಆ ಕಟ್ಟಡವನ್ನು ನೋಡಿಯೇ ಇರಲಿಲ್ಲ. ನನ್ನ ಬೀಗದ ಕೈ ನನ್ನ ಬಳಿಯೇ ಇತ್ತು, ಆದರೂ ತೆಗೆಯಲಿಲ್ಲ.

"ಇಲ್ಲ ಮೇಡಂ" ಎಂದೆ.

"ಆ ಮೂಲೆ ನೋಡ್ರಮ್ಮ" ಎಂದರು ಶಿವಣ್ಣ. "ಮಕ್ಕಳು ಮಲಗೋ ಕೋಣೆ ಯಾವುದು?"

ಮಲಗುವ ಕೋಣೆ ಅದೇ ಮೂಲೆಯದು. ಅದರ ಮೇಲೆ ಹೆಂಚು ಒಂದು ಕಡೆ ಸ್ವಲ್ಪ ಉಬ್ಬಿದಂತಿತ್ತು. ನೋಡುತ್ತಾ ನೋಡುತ್ತಾ ಆ ಉಬ್ಬಿಗೆ ಕಣ್ಣು ಮೂಡಿತು. ಹಳದಿ ಕಣ್ಣು. ಆಮೇಲೆ ಕೊಕ್ಕು. ಹೆಂಚಿನದೇ ಕಂದು ಬಣ್ಣದ ಒಂದು ಕೊಳಬಕ, ಕತ್ತನ್ನು ಭುಜದೊಳಗೆ ಎಳೆದುಕೊಂಡು ಮುದುರಿ ಕೂತಿತ್ತು. ಅದರ ಕೆಳಗಿನ ಹೆಂಚುಗಳ ಮೇಲೆ ಇಳಿದ ಹಿಕ್ಕೆಯ ಗೆರೆಗಳು ಹಳೆಯವು. ಎಷ್ಟೋ ಮಳೆಗಾಲ ಕಂಡವು. ಕೆಳಗಿನ ಗೋಡೆಗೂ ಇಳಿಯುತ್ತಿದ್ದ ಅಂಥ ಬಿಳಿ ಗೆರೆಗಳನ್ನು ನಾನೇ ಪ್ರತಿ ಯುಗಾದಿಗೆ ಉಜ್ಜಿ ತೊಳೆದಿದ್ದೆ, ಗಿಣಿಗಳನ್ನು ಬೈದುಕೊಂಡು.

"ಹೇಳಿ" ಎಂದರು ಮೇಡಂ.

ಗೇಟಿನ ಸರಳು ಹಿಡಿದುಕೊಂಡು ಹೇಳಿದೆ. ಈ ಸಲ ಪೂರ್ತಿ ಹೇಳಿದೆ. "ಎಲ್ಲ ತಾಯಂದಿರೂ ಹಾಡುತ್ತಾರೆ, ಮಗು ಮಲಗಿದ ಕೂಡಲೇ ನಿಲ್ಲಿಸುತ್ತಾರೆ. ಆ ಜೋಗುಳದ ಕೊನೆಯ ಸಾಲು ಏನು?"

ಬಕ ಕತ್ತನ್ನು ಭುಜದೊಳಗಿನಿಂದ ಹೊರಗೆ ತೆಗೆಯಿತು. ಅದರ ಕತ್ತು ಅಷ್ಟು ಉದ್ದವಿದೆ ಎಂದು ಮುದುರಿ ಕೂತಾಗ ಯಾರಿಗೂ ಅನಿಸುತ್ತಿರಲಿಲ್ಲ. ಹಾಗೆ ಚಾಚಿ, ನನ್ನ ಕಡೆಗೆ ಬಗ್ಗಿಸಿತು.

ಶಿವಣ್ಣ ಪೆನ್ನು ತೆಗೆದರು. ಆಗ ನನ್ನ ಹಿಂದಿನಿಂದ ಅತ್ತಿಗೆಯ ಮಾತು ಕೇಳಿಸಿತು.

"ಕೊನೇ ಸಾಲಾ? ಅಷ್ಟಕ್ಕಾ ಇಷ್ಟೆಲ್ಲ? ಅದು ನಂಗೆ ಬರುತ್ತಲ್ಲೇ."

"ಅಮ್ಮಾ, ಸುಮ್ನಿರಿ" ಎಂದರು ಶಿವಣ್ಣ. "ಉತ್ತರ ಹೇಳ್ಬೇಡಿ, ಹಾರಿಹೋಗುತ್ತೆ. ನಾನಿನ್ನೂ ಬರ್ದಿಲ್ಲ."

ಅತ್ತಿಗೆಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರು ಆಗಲೇ ಬೇರೆಲ್ಲೋ ಇದ್ದರು. "ನಮ್ಮವ್ವ ಹಾಡೋಳು. ನನ್ನ ತಮ್ಮ ತಂಗಿ ಎಲ್ಲ ಮಲಗಿಬಿಡೋರು. ನಾನು ಕಳ್ಳನಿದ್ದೆ ಮಾಡ್ತಾ ಇರ್ತಿದ್ದೆ, ಅವ್ವನ ಹಾಡು ಕೇಳೋಕೆ." ಎಂದವರೇ ಹಾಡಿದರು. ಅವರು ಹಾಡುವುದನ್ನು ನಾನು ಆ ಮನೆಯಲ್ಲಿ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ದನಿ ಸ್ವಲ್ಪ ಒಡೆದಿತ್ತು.

ಎಲ್ಲಾರು ಮಲಗ್ಯಾರೆ, ನಾನೊಬ್ಳೆ ಎದ್ದೀನಿ, ಈಗಾದ್ರು ಹೇಳೇ ನಿನ ಮಾತ.

ಬಕ ರೆಕ್ಕೆ ಬಿಚ್ಚಿತು. ಅಷ್ಟು ಹೊತ್ತು ಮಣ್ಣಿನ ಬಣ್ಣವಾಗಿದ್ದದ್ದು ಒಮ್ಮೆಗೇ ಪೂರ್ತಿ ಬಿಳಿಯಾಯಿತು. ಶಿವಣ್ಣ ಕಣ್ಣು ಮುಚ್ಚಿಕೊಂಡರು. ಹೋಯಿತು ಎಂದುಕೊಂಡೆ. ಹೋಗುವುದನ್ನು ಕಣ್ಣಾರೆ ನೋಡಿಬಿಡೋಣ ಎಂದು ನಾನು ಮಾತ್ರ ಕಣ್ಣು ಮುಚ್ಚಲಿಲ್ಲ. ರೆಕ್ಕೆಯಡಿಯ ಆ ಬಿಳುಪನ್ನು ನೋಡುತ್ತಾ, ಇಷ್ಟು ದಿನ ನನ್ನ ತಲೆಯ ಮೇಲೆಯೇ ಇದ್ದೆಯಲ್ಲ, ಅದೇ ಸಾಕು ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡೆ.

ಬಕ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿತು. ರೆಕ್ಕೆ ಮಡಿಸಿತು. ಮೊದಲಿಗಿಂತ ಚೆನ್ನಾಗಿ, ಕಾಲನ್ನೆಲ್ಲ ಒಳಗೆ ಸೇರಿಸಿಕೊಂಡು, ಕೂತುಬಿಟ್ಟಿತು.

ಮೇಡಂ ಹೆಂಚಿನ ಕಡೆ ಕೈ ತೋರಿಸಿದರು. "ಒಂದು ಮನೆಯ ಸಾಲು ಸಿಕ್ಕಿದೆ. ಉಳಿದ ಮನೆಗಳದ್ದು ಹುಡುಕಬೇಕಲ್ಲ. ಅದಕ್ಕೆ ಗೊತ್ತು" ಎಂದರು. "ಬರೆದುಕೊಳ್ಳಿ ಶಿವಣ್ಣ. ಹಕ್ಕಿ ಕೂತಿರುವ ಜಾಗ, ಶಿಶುವಿಹಾರದ ಹೆಂಚು, ಮಲಗುವ ಕೋಣೆಯ ಮೇಲೆ."

"ಇನ್ನೊಂದು ಸಾಲು ಹಾಡಿಸ್ಬೇಡಿ ಮೇಡಂ" ಎಂದು ಶಿವಣ್ಣ ಬೇಗ ಬೇಗ ಬರೆದರು.

ಅವರಿಬ್ಬರೂ ದೋಣಿಗೆ ಹೆಚ್ಚುಕಡಿಮೆ ಓಡಿದರು. ನಾನು ಗೇಟಿನ ಬಳಿ ಕಲ್ಲಿನ ಮೇಲೆ ಕೂತೆ. ಅಳು ಬರುತ್ತದೆ ಎಂದುಕೊಂಡರೆ ಹಸಿವು ಬಂತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅತ್ತಿಗೆ ಪಕ್ಕದಲ್ಲಿ ಕೊಡೆ ಊರಿಕೊಂಡು ನಿಂತೇ ಇದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ.

"ಅತ್ತಿಗೆ, ಇಷ್ಟು ವರ್ಷ ನಿಮ್ಮನ್ನ ಒಂದು ಮಾತು ಕೇಳಲಿಲ್ಲ ನಾನು."

"ಕೇಳಿದ್ರೆ ಹೆಂಚು ಅಂತ ಬೈತಿದ್ದೆ ಬಿಡು." ಕೊಡೆಯ ತುದಿಯಿಂದ ಮಣ್ಣು ಕೆದಕುತ್ತಾ ಅವರೇ ಮುಂದುವರಿಸಿದರು. "ಅಲ್ಲ ಜಲಜ, ನಾವೆಲ್ಲ ಮಲಗಿದ್ವಿ. ಅಪ್ಪ ಹೊರಗಡೆ ಜಗಲೀಲಿ. ಮನೇಲಿ ಎದ್ದಿದ್ದೋಳು ನಮ್ಮವ್ವ ಒಬ್ಳೇ. ಈಗಾದ್ರು ಹೇಳೇ ಅಂತ ಅವ್ಳು ಯಾರನ್ನ ಕೇಳ್ತಿದ್ಲು?"

ದಾರಿಯುದ್ದಕ್ಕೂ ಅತ್ತಿಗೆ ಆ ಸಾಲನ್ನೇ ಗುನುಗುತ್ತಿದ್ದರು. ಇಬ್ಬರೂ ಮನೆಗೆ ಬಂದು ಉಳಿದ ಕೇಸರಿಬಾತನ್ನೆಲ್ಲ ಖಾಲಿ ಮಾಡಿದೆವು. ಅಣ್ಣ ಗಿರಣಿಯಿಂದ ಬಂದವನು ನಮ್ಮ ಮುಖ ನೋಡಿ, ಖಾಲಿ ಪಾತ್ರೆ ನೋಡಿ, "ಆಯ್ತಾ?" ಎಂದ. "ಆಯ್ತು" ಎಂದೆವು.

ಆಯ್ಕೆಯ ಪತ್ರ ತಿಂಗಳು ತುಂಬುವುದರೊಳಗೆ ಬಂತು. ಎರಡು ಹೆಸರುಗಳಲ್ಲಿ ನನ್ನ ಕೆಳಗೆ ಇದ್ದದ್ದು ರಹಮತನದು. ಅವನು ಪತ್ರ ಹಿಡಿದು ಶಿಶುವಿಹಾರದ ಗೇಟಿಗೇ ಬಂದ. "ಹೆಜ್ಜಾರ್ಲೇನ ದೋಣೀಲಿ ಹೇಗೆ ಕರ್ಕೊಂಡು ಹೋಗೋದು ಅಕ್ಕ, ಟಿಕೆಟ್ ತಗೋಬೇಕಾ?" ಎಂದ. ಅವು ತಾವೇ ಹಿಂದೆ ಬರುತ್ತವಂತೆ, ಹಾಸ್ಟೆಲಿನ ಮಾಡು ಅದಕ್ಕೆಂದೇ ಗಟ್ಟಿಯಾಗಿ ಕಟ್ಟಿದ್ದಾರಂತೆ ಎಂದು ಪತ್ರದಲ್ಲಿದ್ದದ್ದನ್ನು ಅವನಿಗೆ ಓದಿ ಹೇಳಿದೆ. ಆದರೂ ಸರಿಯಾಗಿ ಓದಿದೆನೋ ಇಲ್ಲವೋ ಎಂದು ಮನೆಗೆ ಬಂದು ಮತ್ತೆ ಓದಿದೆ. ಸರಿಯಾಗಿಯೇ ಇತ್ತು.

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟಾಗ ಎದುರುಮನೆಯವರು ತಮ್ಮ ಜಗಲಿಯ ಮೇಲೆ ನಿಂತು, ಮೇಲೆ ನೋಡಬಾರದೆಂದು ಬಹಳ ಕಷ್ಟಪಡುತ್ತಾ ನಮ್ಮ ಮನೆಯ ಕಡೆ ನೋಡುತ್ತಿದ್ದರು. ಮೀನು ನಿಲ್ಲಿಸಿದ ಎರಡನೇ ದಿನಕ್ಕೇ ಬೆಳ್ಳಕ್ಕಿ ಹೋಗಿತ್ತು. ಎರವಲು ತಂದ ಕೊಡೆಯನ್ನು ಅತ್ತಿಗೆ ಯಾಕೆ ಇನ್ನೂ ಬಾಗಿಲಲ್ಲೇ ಬಿಟ್ಟಿದ್ದಾರೆ ಎಂದು ನಾನು ಕೇಳಿರಲಿಲ್ಲ. ಈಗ ತಲೆಯೆತ್ತಿದೆ. ಹೆಂಚಿನ ನೆತ್ತಿಯಲ್ಲಿ, ಹೊಗೆಗೂಡಿನ ನೆರಳಿನಲ್ಲಿ, ಗುಂಡಗಿನ ಸಣ್ಣದೊಂದು ಗೂಬೆ ಕಣ್ಣು ಮುಚ್ಚಿ ಕೂತಿತ್ತು. ಅದರ ಪಕ್ಕ ತೆಂಗಿನ ಚಿಪ್ಪಿನಲ್ಲಿ ನೀರಿತ್ತು. ಬಿದಿರಿನ ಗಳು ಗೋಡೆಗೆ ಒರಗಿತ್ತು.

ಅತ್ತಿಗೆ ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟು, ನಾನು ನೋಡುತ್ತಿದ್ದ ಕಡೆ ತಾವೂ ನೋಡಿದರು.

"ಇದಕ್ಕೆ ನಾನು ಮೀನು ಹಾಕಿಲ್ಲ ಕಣೇ" ಎಂದರು.